ಕೂದಲೆಳೆ ದಪ್ಪದ ಲೇಪ

ಪೆಟ್ರೋಲನ್ನು ಯಾರೂ ತಯಾರಿಸಿದ್ದಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಕಡಲಲ್ಲಿ ಬದುಕಿ ಸತ್ತ ಸೂಕ್ಷ್ಮಜೀವಿಗಳು ಕೆಸರಿನಡಿ ಹೂತುಹೋಗಿ, ನೆಲದೊಳಗಿನ ಒತ್ತಡಕ್ಕೂ ಕಾವಿಗೂ ಸಿಕ್ಕಿ ಎಣ್ಣೆಯಾದವು. ಮನುಷ್ಯನ ಪಾಲಿಗೆ ಉಳಿದದ್ದು ಅದನ್ನು ಹುಡುಕಿ, ಕೊರೆದು, ಮೇಲೆತ್ತಿ, ಕಾಯಿಸಿ ಬೇರ್ಪಡಿಸುವ ಕೆಲಸ. ಅದೂ ಸಣ್ಣದಲ್ಲ. ಆದರೆ ಶಕ್ತಿಯನ್ನು ಅದರೊಳಗೆ ತುಂಬಿಟ್ಟವರು ನಾವಲ್ಲ. ಬ್ಯಾಟರಿಯಲ್ಲಿ ಹಾಗಿಲ್ಲ. ಶಕ್ತಿ ನಿಲ್ಲುವ ಜಾಗ, ಅದು ಒಳಗೆ ಹೋಗಿ ಹೊರಗೆ ಬರುವ ದಾರಿ, ದಾರಿ ತಪ್ಪದಂತೆ ತಡೆಯುವ ಪರದೆ, ಎಲ್ಲವನ್ನೂ ಒಂದೊಂದಾಗಿ ಕಟ್ಟಬೇಕು. ಮುಂದಿನ ಕಾಲ ಎಣ್ಣೆಯದೋ ಬ್ಯಾಟರಿಯದೋ ಎಂಬ ಮಾತು ಬಂದಾಗಲೆಲ್ಲ ಜನ ಯಾವುದೋ ಪ್ರಯೋಗಶಾಲೆಯ ಹೊಸ ಸುದ್ದಿಗೆ ಕಿವಿಗೊಡುತ್ತಾರೆ. ನನ್ನ ಕಣ್ಣು ಹೋಗುವುದು ಕಾರ್ಖಾನೆಯೊಳಗಿನ ಕಸುಬಿನ ಕಡೆಗೆ. ತೀರ್ಮಾನ ಆಗುತ್ತಿರುವುದು ಅಲ್ಲೇ.

ಮೊದಲು ಎಣ್ಣೆಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದರಲ್ಲಿರುವ ಶಕ್ತಿಯನ್ನು ನಮ್ಮ ಕರೆಂಟ್ ಬಿಲ್ಲಿನ ಲೆಕ್ಕಕ್ಕೆ ತಂದರೆ ಹತ್ತಿರಹತ್ತಿರ 9 ಯೂನಿಟ್. ಅಷ್ಟೇ ತೂಕದ ಒಳ್ಳೆಯ ಲಿಥಿಯಂ ಸೆಲ್ಲುಗಳಲ್ಲಿ 0.2 ಯೂನಿಟ್ ಹಿಡಿಸಿದರೆ ಹೆಚ್ಚು. ನಲವತ್ತೈದು ಪಟ್ಟು ಅಂತರ! ಈ ಲೆಕ್ಕವನ್ನಷ್ಟೇ ನೋಡಿದವರು ಬ್ಯಾಟರಿಯ ಮಾತೇ ಬೇಡ ಎಂದು ಎದ್ದುಹೋಗುತ್ತಾರೆ. ಸ್ವಲ್ಪ ಕೂತರೆ ಲೆಕ್ಕ ಬದಲಾಗುತ್ತದೆ. ಪೆಟ್ರೋಲ್ ಸ್ಕೂಟರ್ 100 ಕಿಲೋಮೀಟರ್ ಓಡಲು ಎರಡು ಲೀಟರ್, ಅಂದರೆ 18 ಯೂನಿಟ್ ಶಕ್ತಿ ಕುಡಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಎಂಜಿನ್ನಿನ ಬಿಸಿಯಾಗಿ, ಸೈಲೆನ್ಸರಿನ ಹೊಗೆಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಅಷ್ಟೇ ದೂರಕ್ಕೆ ಸುಮಾರು 3 ಯೂನಿಟ್ ಸಾಕು. ಎರಡು ಲೀಟರ್ ಪೆಟ್ರೋಲ್ ಒಂದೂವರೆ ಕಿಲೋ ತೂಗಿದರೆ, 3 ಯೂನಿಟ್ಟಿನ ಬ್ಯಾಟರಿ ಪ್ಯಾಕ್ ತೂಗುವುದು ಇಪ್ಪತ್ತು ಕಿಲೋ ಆಸುಪಾಸು. ನಲವತ್ತೈದು ಪಟ್ಟು ಇದ್ದದ್ದು ಹದಿಮೂರಕ್ಕೆ ಇಳಿಯಿತು. ಎಂಜಿನ್, ಗೇರು, ಸೈಲೆನ್ಸರ್, ಟ್ಯಾಂಕ್ ಇವೆಲ್ಲದರ ತೂಕ ಕಳೆದರೆ ಇನ್ನೂ ಇಳಿಯುತ್ತದೆ. ಬೆಂಗಳೂರಿನಲ್ಲಿ 2001ರಲ್ಲೇ ಬಂದ ರೇವಾ ಕಾರು ಸೀಸ ಮತ್ತು ಆಮ್ಲದ ಹಳೆಯ ಬ್ಯಾಟರಿಯನ್ನು ಹೊತ್ತು ಓಡುತ್ತಿತ್ತು. ಕಿಲೋಗೆ ಯೂನಿಟ್ಟಿನ ಮೂವತ್ತನೇ ಒಂದು ಪಾಲನ್ನೋ, ಸ್ವಲ್ಪ ಹೆಚ್ಚನ್ನೋ ಹಿಡಿದಿಡುತ್ತಿದ್ದ ಆ ಬ್ಯಾಟರಿಯಿಂದ ಇಂದಿನ ಸೆಲ್ಲಿನವರೆಗೆ ಬಂದ ದಾರಿ ಸಣ್ಣದೇನಲ್ಲ.

ಆ ದಾರಿಯ ಒಂದು ತುದಿ ಎಣ್ಣೆಯ ಮನೆಯಲ್ಲೇ ಇದೆ. 1970ರ ದಶಕದಲ್ಲಿ ಎಣ್ಣೆ ಬೆಲೆ ಏರಿದಾಗ ಅಮೆರಿಕದ ಎಕ್ಸಾನ್ ಕಂಪನಿ ಬ್ಯಾಟರಿ ಸಂಶೋಧನೆಗೆ ಹಣ ಹಾಕಿತು. ಪದರಪದರವಾಗಿರುವ ಟೈಟಾನಿಯಂ ಡೈಸಲ್ಫೈಡಿನ ಸಂದುಗಳಲ್ಲಿ ಲಿಥಿಯಂ ಅಯಾನು ನುಸುಳಿ ಕೂರಬಲ್ಲದು, ಬೇಕೆಂದಾಗ ಹೊರಗೂ ಬರಬಲ್ಲದು ಎಂದು ಅಲ್ಲಿ ತೋರಿಸಿದವರು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಆ ಜಾಗಕ್ಕೆ ಕೋಬಾಲ್ಟ್ ಆಕ್ಸೈಡ್ ತಂದು ವೋಲ್ಟೇಜನ್ನು ದುಪ್ಪಟ್ಟಿನ ಹತ್ತಿರಕ್ಕೆ ಏರಿಸಿದರು. ಇನ್ನೊಂದು ಬದಿಯಲ್ಲಿ ಬೆಂಕಿಗೆ ಕಾರಣವಾಗುತ್ತಿದ್ದ ಲಿಥಿಯಂ ಲೋಹವನ್ನೇ ತೆಗೆದು ಇಂಗಾಲ ಹಾಕಿದವರು ಜಪಾನಿನ ಅಕಿರಾ ಯೋಶಿನೊ. ಅವರು ಬಳಸಿದ ಇಂಗಾಲ ಪೆಟ್ರೋಲಿಯಂ ಕೋಕ್, ಎಣ್ಣೆ ಶುದ್ಧೀಕರಣದಲ್ಲಿ ತಳದಲ್ಲಿ ಉಳಿಯುವ ಕರಿ ಪದಾರ್ಥ. ತಮ್ಮ ಸೆಲ್ಲಿನ ಮೇಲೆ ಕಬ್ಬಿಣದ ಗುಂಡು ಬೀಳಿಸಿ, ಅದು ಹೊತ್ತಿಕೊಳ್ಳಲಿಲ್ಲ ಎಂದು ಕಂಡ ಮೇಲೇ ಅವರಿಗೆ ಧೈರ್ಯ ಬಂದದ್ದು. ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ಸೆಲ್ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಸೋನಿಯಿಂದ. ಸೋನಿಗೇ ಏಕೆ ಆಯಿತು ಎನ್ನುವುದರಲ್ಲಿ ಸ್ವಾರಸ್ಯವಿದೆ. ಸಿ.ಡಿ. ಬಂದು ಕ್ಯಾಸೆಟ್ಟಿನ ಕಾಲ ಇಳಿಮುಖವಾಗುತ್ತಿತ್ತು. ತೆಳ್ಳಗಿನ ಪಟ್ಟಿಯ ಮೇಲೆ ಪುಡಿಯ ಲೇಪವನ್ನು ಮೈಲುಗಟ್ಟಲೆ ಒಂದೇ ಸಮ ಬಳಿಯುವ ಯಂತ್ರಗಳೂ ಅದನ್ನು ಬಲ್ಲ ಜನರೂ ಸೋನಿಯಲ್ಲಿ ಇದ್ದರು. ಟೇಪಿಗೆ ಬಳಿಯುತ್ತಿದ್ದ ಕೈ ಬ್ಯಾಟರಿಗೆ ಬಳಿಯತೊಡಗಿತು. ಲಿಥಿಯಂ ಬ್ಯಾಟರಿಯ ರಸಾಯನ ನೊಬೆಲ್‌ ಪಡೆದವರದು; ಕಸುಬು ಕ್ಯಾಸೆಟ್ ಮಾಡುವವರದು.

ಆ ಕಸುಬನ್ನು ಹಂತಹಂತವಾಗಿ ನೋಡೋಣ. ಸೆಲ್ಲಿನಲ್ಲಿ ಎರಡು ಪಟ್ಟಿಗಳು. ಕೋಬಾಲ್ಟ್ ಆಕ್ಸೈಡಿನಂಥ ಪುಡಿಯ ಕ್ಯಾಥೋಡ್ ಪಟ್ಟಿ ಅಲ್ಯೂಮಿನಿಯಂ ಹಾಳೆಯ ಮೇಲೆ, ಇಂಗಾಲದ ಆನೋಡ್ ಪಟ್ಟಿ ತಾಮ್ರದ ಹಾಳೆಯ ಮೇಲೆ. ಇದು ಮನಬಂದಂತೆ ಮಾಡಿದ ಆಯ್ಕೆಯಲ್ಲ. ಆನೋಡಿನ ಕಡೆ ಅಲ್ಯೂಮಿನಿಯಂ ಇಟ್ಟರೆ ಅದು ಲಿಥಿಯಂ ಜೊತೆ ಬೆರೆತು ಪುಡಿಯಾಗುತ್ತದೆ. ಕ್ಯಾಥೋಡಿನ ಕಡೆ ತಾಮ್ರ ಇಟ್ಟರೆ ಕರಗಿಹೋಗುತ್ತದೆ. ತಾಮ್ರದ ಹಾಳೆಯ ದಪ್ಪ 6ರಿಂದ 10 ಮೈಕ್ರಾನ್, ಅಂದರೆ ತಲೆಗೂದಲಿನ ಎಂಟನೇ ಇಲ್ಲವೇ ಹತ್ತನೇ ಒಂದು ಪಾಲು. ಇಂಥ ಹಾಳೆ ಸುರುಳಿ ಬಿಚ್ಚಿಕೊಂಡು ನಿಮಿಷಕ್ಕೆ ಹತ್ತಾರು ಮೀಟರ್ ವೇಗದಲ್ಲಿ, ಸುಕ್ಕಾಗದೆ ಹರಿಯದೆ ಓಡಬೇಕು.

ಅದರ ಮೇಲೆ ಬಳಿಯುವ ಹಿಟ್ಟನ್ನು ಕಲಸುವುದೇ ಒಂದು ವಿದ್ಯೆ. ಕ್ಯಾಥೋಡಿಗೆ ಲಿಥಿಯಂ ತುಂಬಿದ ಪುಡಿ, ಕರೆಂಟ್ ಹರಿಯಲು ಇಂಗಾಲದ ಮಸಿ, ಹಿಡಿದುಕೊಳ್ಳಲು ಅಂಟು, ಅಂಟನ್ನು ಕರಗಿಸಿ ಎಲ್ಲವನ್ನೂ ಕಲಸಲು ದ್ರಾವಕ. ಆನೋಡಿಗಾದರೆ ಗ್ರಾಫೈಟ್ ಪುಡಿ, ಬೇರೆ ಅಂಟು, ಮತ್ತು ಬರೀ ನೀರು. ಮಸಿ ಗಂಟುಗಂಟಾಗಿ ನಿಲ್ಲಬಾರದು, ಹಾಗಂತ ಪೂರ್ತಿ ಚೆದುರಲೂಬಾರದು. ಪುಡಿಯ ಕಣದಿಂದ ಕಣಕ್ಕೆ ಕೈ ಹಿಡಿದಂತೆ ಸರಪಳಿ ಉಳಿದರೆ ಮಾತ್ರ ಕರೆಂಟ್ ಹರಿಯುತ್ತದೆ. ಕಲಸುವ ಪಾತ್ರೆಯಿಂದ ಗಾಳಿಯನ್ನು ಹೀರಿ ತೆಗೆಯುತ್ತಾರೆ, ಏಕೆಂದರೆ ಹಿಟ್ಟಿನಲ್ಲಿ ಉಳಿದ ಒಂದು ಗುಳ್ಳೆ ಹಾಳೆಯ ಮೇಲೆ ಒಂದು ತೂತಾಗುತ್ತದೆ. ಯಾವ ಸಾಮಾನನ್ನು ಮೊದಲು ಹಾಕಬೇಕು, ಎಷ್ಟು ಹೊತ್ತು ತಿರುಗಿಸಬೇಕು ಎಂಬುದನ್ನು ಯಾವ ಕಂಪನಿಯೂ ಹೊರಗೆ ಬಿಟ್ಟುಕೊಡುವುದಿಲ್ಲ.

ಹಿಟ್ಟು ಸಪೂರ ಸಂದಿನಿಂದ ಇಳಿದು ಓಡುವ ಹಾಳೆಯ ಮೇಲೆ ಕೂರುತ್ತದೆ. ಲೇಪದ ದಪ್ಪ ಒಂದು ಕೂದಲೆಳೆಯಷ್ಟು, ತೂಕದಲ್ಲಿ ಏರುಪೇರಾದರೆ ನೂರಕ್ಕೆ ಒಂದೆರಡು ಪಾಲು ಮಾತ್ರ ಸೈ. ಇದೇಕೆ ಇಷ್ಟು ಬಿಗಿ? ಕ್ಯಾಥೋಡಿನಿಂದ ಹೊರಟ ಪ್ರತಿಯೊಂದು ಲಿಥಿಯಂ ಅಯಾನಿಗೂ ಎದುರಿನ ಗ್ರಾಫೈಟಿನಲ್ಲಿ ಕೂರಲು ಜಾಗ ಇರಬೇಕು. ಎಲ್ಲಾದರೂ ಗ್ರಾಫೈಟ್ ತೆಳ್ಳಗಾಗಿದ್ದರೆ ಜಾಗ ಸಿಗದ ಲಿಥಿಯಂ ಮೇಲೆಯೇ ಲೋಹವಾಗಿ ಮೆತ್ತಿಕೊಳ್ಳುತ್ತದೆ, ಮುಳ್ಳಿನಂತೆ ಬೆಳೆಯುತ್ತದೆ, ಎರಡು ಪಟ್ಟಿಗಳ ನಡುವಿನ ಪರದೆಯನ್ನು ಚುಚ್ಚುತ್ತದೆ. ಅಲ್ಲಿಂದ ಮುಂದೆ ಬೆಂಕಿ. ಈ ಭಯಕ್ಕೇ ಆನೋಡ್ ಪಟ್ಟಿಯನ್ನು ಕ್ಯಾಥೋಡಿಗಿಂತ ಕೊಂಚ ಅಗಲವಾಗಿ ಕತ್ತರಿಸುತ್ತಾರೆ. ಅಂಚಿನಲ್ಲಿ ಉಳಿದ ಆ ಒಂದೆರಡು ಮಿಲಿಮೀಟರ್ ಶಕ್ತಿಯ ಲೆಕ್ಕದಲ್ಲಿ ನಷ್ಟ, ಜೀವದ ಲೆಕ್ಕದಲ್ಲಿ ಲಾಭ.

ಬಳಿದ ಪಟ್ಟಿ ನೇರ ಒಲೆಗೆ ಹೋಗುತ್ತದೆ. ಐವತ್ತು ಮೀಟರಿಗೂ ಉದ್ದದ ಒಲೆ. ಸಂಡಿಗೆ ಇಟ್ಟವರಿಗೆ ಇಲ್ಲಿಯ ಕಷ್ಟ ಬೇಗ ಅರ್ಥವಾಗುತ್ತದೆ: ಬಿಸಿಲು ಒಮ್ಮೆಲೇ ಜೋರಾದರೆ ಮೇಲ್ಮೈ ಒಣಗಿ ಬಿರಿಯುತ್ತದೆ, ಒಳಗೆ ಹಸಿ ಉಳಿಯುತ್ತದೆ. ಒಲೆಯಲ್ಲಿ ಇನ್ನೊಂದು ತೊಡಕೂ ಇದೆ. ಅವಸರದಲ್ಲಿ ಒಣಗಿಸಿದರೆ ದ್ರಾವಕ ಮೇಲೇರುವಾಗ ಅಂಟನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ; ಹಾಳೆಯ ಬಳಿ ಅಂಟೇ ಉಳಿಯದೆ ಲೇಪ ಚಕ್ಕೆಯಾಗಿ ಏಳುತ್ತದೆ. ನಿಧಾನ ಮಾಡಿದರೆ ದಿನದ ಉತ್ಪಾದನೆ ಬೀಳುತ್ತದೆ. ಹಾಗಾಗಿ ಒಲೆಯನ್ನು ಹಲವು ಭಾಗ ಮಾಡಿ ಒಂದೊಂದಕ್ಕೂ ಒಂದೊಂದು ಶಾಖ, ಒಂದೊಂದು ಗಾಳಿ ಇಡುತ್ತಾರೆ. ಕ್ಯಾಥೋಡಿನ ದ್ರಾವಕ ದುಬಾರಿಯೂ ಹೌದು, ಆರೋಗ್ಯಕ್ಕೆ ಕೆಟ್ಟದ್ದೂ ಹೌದು. ಅದರ ಆವಿಯನ್ನು ಹಿಡಿದು ತಣಿಸಿ ಮತ್ತೆ ಬಳಸುತ್ತಾರೆ. ಈಗ ದ್ರಾವಕವೇ ಇಲ್ಲದೆ ಒಣ ಪುಡಿಯನ್ನು ಒತ್ತಿ ಪಟ್ಟಿ ಮಾಡುವ ವಿಧಾನಕ್ಕೆ ಹಲವರು ಕೈ ಹಾಕಿದ್ದಾರೆ. ಅದು ಪೂರ್ತಿ ಒಲಿದರೆ ಈ ಐವತ್ತು ಮೀಟರ್ ಒಲೆಯೂ ಬೇಡ, ಅದು ನುಂಗುವ ಕರೆಂಟೂ ಬೇಡ. ನನ್ನ ಮಟ್ಟಿಗೆ ಪತ್ರಿಕೆಯ ತಲೆಬರಹಕ್ಕೆ ಬರಬೇಕಾದ ಸುದ್ದಿ ಇದು.

ಒಣಗಿದ ಪಟ್ಟಿಯನ್ನು ಭಾರೀ ಉರುಳೆಗಳ ನಡುವೆ ಹಾಯಿಸಿ ಒತ್ತುತ್ತಾರೆ. ಹೆಚ್ಚು ಒತ್ತಿದರೆ ಸಣ್ಣ ಜಾಗದಲ್ಲಿ ಹೆಚ್ಚು ಶಕ್ತಿ, ಆದರೆ ಆಮೇಲೆ ಸೆಲ್ಲಿಗೆ ಹೊಯ್ಯುವ ದ್ರವ ಒಳಗೆ ಇಳಿಯಲು ಸಂದು ಉಳಿಯುವುದಿಲ್ಲ. ನೂರರಲ್ಲಿ ಮೂವತ್ತು ಪಾಲಿನಷ್ಟು ಖಾಲಿ ಜಾಗವನ್ನು ಬೇಕೆಂದೇ ಬಿಡುತ್ತಾರೆ. ದೂರ ಓಡಬೇಕಾದ ಕಾರಿಗೆ ಒಂದು ಹದ, ಬೇಗ ಚಾರ್ಜ್ ಆಗಬೇಕಾದದ್ದಕ್ಕೆ ಇನ್ನೊಂದು. ಕತ್ತರಿಸುವಾಗ ಲೋಹದ ಅಂಚಿನಲ್ಲಿ ಕಣ್ಣಿಗೆ ಕಾಣದ ಒಂದು ಚೂಪು ಎದ್ದರೂ ಆ ಪಟ್ಟಿ ಕಸ.

ಇಲ್ಲಿಂದ ಮುಂದೆ ವೈರಿ ನೀರು. ಸೆಲ್ಲಿನೊಳಗಿನ ದ್ರವದಲ್ಲಿ ಕರಗಿರುವ ಲಿಥಿಯಂ ಲವಣಕ್ಕೆ ತೇವ ತಗಲಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಗಾಜನ್ನೇ ಕೊರೆಯುವ ಆ ಆಮ್ಲಕ್ಕೆ ಸೆಲ್ಲಿನ ಒಳಗನ್ನು ಹಾಳು ಮಾಡುವುದು ಕಷ್ಟವಲ್ಲ. ಜುಲೈ ತಿಂಗಳ ಮಂಗಳೂರಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇಪ್ಪತ್ತು ಗ್ರಾಂಗೂ ಹೆಚ್ಚು ನೀರಾವಿ ಇರುತ್ತದೆ. ಸೆಲ್ ಜೋಡಿಸುವ ಕೋಣೆಯಲ್ಲಿ ಇರಬಹುದಾದದ್ದು ಒಂದು ಗ್ರಾಂನ ಹತ್ತನೇ ಒಂದು ಪಾಲು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಅಷ್ಟು ಒಣ ಗಾಳಿಯಲ್ಲಿ ಯಂತ್ರಕ್ಕಿಂತ ಮನುಷ್ಯನೇ ತೊಂದರೆ: ಅವನ ಉಸಿರಿನಲ್ಲಿ ನೀರಿದೆ, ಬೆವರಿನಲ್ಲಿ ನೀರಿದೆ. ಒಂದು ಕೋಣೆಗೆ ಇಷ್ಟೇ ಜನ ಎಂಬ ಮಿತಿ ಇರುವುದು ಅದಕ್ಕೇ. ಅಲ್ಲಿ ಕ್ಯಾಥೋಡ್, ಪರದೆ, ಆನೋಡ್, ಪರದೆ ಎಂದು ಪದರವಿಟ್ಟು ಸುತ್ತುತ್ತಾರೆ. ಪರದೆ ಹತ್ತಿಪ್ಪತ್ತು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್, ಮೈಯೆಲ್ಲ ಅತಿ ಸಣ್ಣ ರಂಧ್ರ. ಸೆಲ್ ಕಾದು 130 ಡಿಗ್ರಿಯ ಹತ್ತಿರ ಬಂದರೆ ಕರಗಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವಂತೆ ಅದನ್ನು ಮಾಡಿರುತ್ತಾರೆ. ಬೆಂಕಿಗೆ ಮೊದಲ ತಡೆ ಈ ಪರದೆಯೇ.

ಸುತ್ತಿದ್ದನ್ನು ಡಬ್ಬಿಗಿಳಿಸಿ, ದ್ರವ ಹೊಯ್ದು, ಅದು ಸಂದುಸಂದಿಗೂ ಇಳಿಯುವವರೆಗೆ ಕಾಯ್ದು, ಮೊದಲ ಸಲ ಚಾರ್ಜ್ ಮಾಡುತ್ತಾರೆ. ಇಡೀ ಕಸುಬಿನಲ್ಲಿ ನನಗೆ ಅತಿ ಚೆಂದ ಅನ್ನಿಸುವ ಘಟ್ಟ ಇದು. ಆ ದ್ರವಕ್ಕೆ ಗ್ರಾಫೈಟಿನ ಎದುರು ನಿಲ್ಲುವ ಶಕ್ತಿಯೇ ಇಲ್ಲ. ಚಾರ್ಜ್ ಆಗುತ್ತಿದ್ದಂತೆ ಅದು ಒಡೆಯುತ್ತದೆ. ನ್ಯಾಯವಾಗಿ ಬ್ಯಾಟರಿ ಅಲ್ಲೇ ಕೆಡಬೇಕು. ಆದರೆ ಒಡೆದ ದ್ರವದ ಚೂರುಗಳು ಗ್ರಾಫೈಟಿನ ಮೇಲೆ ಒಂದು ಪೊರೆಯಾಗಿ ಕೂರುತ್ತವೆ, ಮೈಕ್ರಾನಿನಲ್ಲಿ ಹತ್ತನೇ ಒಂದು ಪಾಲೂ ಇಲ್ಲದಷ್ಟು ತೆಳ್ಳಗೆ. ಆ ಪೊರೆ ಲಿಥಿಯಂ ಅಯಾನನ್ನು ಬಿಡುತ್ತದೆ, ಎಲೆಕ್ಟ್ರಾನನ್ನು ಬಿಡುವುದಿಲ್ಲ. ಮುಂದೆ ದ್ರವ ಒಡೆಯುವುದು ನಿಲ್ಲುತ್ತದೆ. ಇದರ ಗುಣವನ್ನು 1979ರಲ್ಲಿ ವಿವರಿಸಿದವರು ಇಸ್ರೇಲಿನ ಇಮ್ಯಾನುಯೆಲ್ ಪೆಲೆಡ್. ಎಲ್ಲ ದ್ರವಕ್ಕೂ ಈ ಗುಣವಿಲ್ಲ. ಪ್ರೊಪಿಲೀನ್ ಕಾರ್ಬೊನೇಟ್ ಹಾಕಿದರೆ ಗ್ರಾಫೈಟಿನ ಪದರಗಳೇ ಕಿತ್ತುಬರುತ್ತವೆ. ಅದರ ತಂಗಿಯಂತಿರುವ ಎಥಿಲೀನ್ ಕಾರ್ಬೊನೇಟ್ ಹಾಕಿದರೆ ಪೊರೆ ಕಟ್ಟುತ್ತದೆ. ಈ ಮೊದಲ ಚಾರ್ಜನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನ ಪೂರ್ತಿ, ಅತಿ ನಿಧಾನವಾಗಿ ಮಾಡುತ್ತಾರೆ. ಸೆಲ್ಲಿನಲ್ಲಿದ್ದ ಲಿಥಿಯಂನಲ್ಲಿ ಹತ್ತನೇ ಒಂದು ಪಾಲಿನಷ್ಟು ಈ ಪೊರೆಗೇ ಖರ್ಚು. ಆಮೇಲೆ ವಾರಗಟ್ಟಲೆ ಕಪಾಟಿನಲ್ಲಿಟ್ಟು ಯಾವುದರ ವೋಲ್ಟೇಜ್ ಇಳಿಯುತ್ತದೆ ಎಂದು ನೋಡುತ್ತಾರೆ. ಇಳಿದದ್ದು ಒಳಗೆಲ್ಲೋ ಸೋರುತ್ತಿದೆ, ಅದು ಗ್ರಾಹಕನ ಕೈಗೆ ಹೋಗುವಂತಿಲ್ಲ.

ಹಣ ಸುರಿದರೆ ಈ ಕಸುಬು ಬರುತ್ತದೆಯೇ? ಸ್ವೀಡನ್ನಿನ ನಾರ್ತ್‌ವೋಲ್ಟ್ ಕಂಪನಿಯನ್ನು ನೋಡಿ. 2016ರಲ್ಲಿ ಹುಟ್ಟಿ, ಯುರೋಪಿನ ದೊಡ್ಡ ಕಾರು ಕಂಪನಿಗಳ ಬೆಂಬಲ ಪಡೆದು, ದೇಶದ ಉತ್ತರ ಭಾಗದ ಷೆಲೆಫ್ತಿಯೊ ಊರಿನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. ಒಳ್ಳೆಯ ಸೆಲ್ಲುಗಳು ಸಾಕಷ್ಟು ಸಂಖ್ಯೆಯಲ್ಲಿ ಹೊರಬರಲೇ ಇಲ್ಲ. 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಇತ್ತ ಜಗತ್ತಿನ ಲಿಥಿಯಂ ಸೆಲ್ಲುಗಳಲ್ಲಿ ಮುಕ್ಕಾಲು ಪಾಲು ಚೀನಾದಲ್ಲಿ ತಯಾರಾಗುತ್ತಿವೆ. ಅಲ್ಲಿಯ ಕೈಗಳು ಕೋಟಿಗಟ್ಟಲೆ ಸೆಲ್ ಕೆಡಿಸಿ ಕಲಿತ ಕೈಗಳು. ಭಾರತ ಸರ್ಕಾರ 2021ರಲ್ಲಿ ಸೆಲ್ ತಯಾರಿಕೆಗೆಂದೇ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿತು. ಕೆಲಸ ಅಂದುಕೊಂಡಷ್ಟು ವೇಗವಾಗಿ ಆಗಲಿಲ್ಲ. ನಮ್ಮಲ್ಲಿ ಬ್ಯಾಟರಿ ಕಾರ್ಖಾನೆ ಎಂದು ಬೋರ್ಡು ಹಾಕಿಕೊಂಡ ಬಹಳ ಕಡೆ ನಡೆಯುವುದು ಹೊರಗಿನಿಂದ ಬಂದ ಸೆಲ್ಲುಗಳನ್ನು ಜೋಡಿಸಿ ಪ್ಯಾಕ್ ಮಾಡುವ ಕೆಲಸ. ಅದೂ ಬೇಕು, ಆದರೆ ಹಿಟ್ಟು ಕಲಸುವುದನ್ನು ಕಲಿಯದೆ ಈ ವಿದ್ಯೆ ನಮ್ಮದಾಗದು.

ಕೈ ಪಳಗಿದಾಗ ಏನಾಗುತ್ತದೆ ಎಂಬುದಕ್ಕೆ ಬೆಲೆಯೇ ಸಾಕ್ಷಿ. 2010ರ ಸುಮಾರಿಗೆ ಒಂದು ಯೂನಿಟ್ ಹಿಡಿಯುವ ಬ್ಯಾಟರಿ ಪ್ಯಾಕಿಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆಯಿತ್ತು. 2024ರಲ್ಲಿ ಜಾಗತಿಕ ಸರಾಸರಿ 115 ಡಾಲರ್. ಎಣ್ಣೆಗೆ ಇಂಥ ಗತಿ ಇಲ್ಲ. ಸುಲಭದ ಬಾವಿ ಮೊದಲು ಬರಿದಾಗುತ್ತದೆ, ಆಮೇಲೆ ಕಡಲ ತಳ, ಆಮೇಲೆ ಕಲ್ಲಿನ ಸಂದು; ತೆಗೆದಷ್ಟೂ ತೆಗೆಯುವುದು ಕಷ್ಟ. ಬ್ಯಾಟರಿಯನ್ನು ಮಾಡಿದಷ್ಟೂ ಮಾಡುವುದು ಸುಲಭ. ಎರಡರ ನಡುವಿನ ಪಂದ್ಯದಲ್ಲಿ ನಾನು ಬ್ಯಾಟರಿಯ ಕಡೆ ನಿಲ್ಲಲು ದೊಡ್ಡ ಕಾರಣ ಇದು. 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು.

ಅಗ್ಗವಾದದ್ದರಲ್ಲಿ ಒಂದು ಪುಡಿಯ ಪಾಲು ದೊಡ್ಡದು. ಕೋಬಾಲ್ಟ್ ದುಬಾರಿ, ಅದರ ಹೆಚ್ಚಿನ ಪಾಲು ಬರುವುದು ಕಾಂಗೋ ದೇಶದ ಗಣಿಗಳಿಂದ. ಅದರ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಸಾಕು ಎಂದು ತೋರಿಸಿದ 1997ರ ಪ್ರಬಂಧಕ್ಕೆ ಮೂವರು ಲೇಖಕರು: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜೆ.ಬಿ. ಗುಡ್‌ಇನಫ್. ಮೊದಲ ಎರಡು ಹೆಸರು ನಮ್ಮ ದೇಶದವರ ಕಿವಿಗೆ ಹೊಸದಲ್ಲ, ಆದರೆ ಕಬ್ಬಿಣದ ಬ್ಯಾಟರಿಯ ಸ್ಕೂಟರ್ ಓಡಿಸುವ ಎಷ್ಟು ಜನಕ್ಕೆ ಅವು ಗೊತ್ತು? ಈ ಪುಡಿಯಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುತ್ತದೆ. ಕಾದರೂ ಸುಲಭಕ್ಕೆ ಬಿಡುವುದಿಲ್ಲ, ಹಾಗಾಗಿ ಬೆಂಕಿಯ ಭಯ ಕಡಿಮೆ. ಶಕ್ತಿ ಕೊಂಚ ಕಡಿಮೆ ಹಿಡಿದರೂ ಬಾಳಿಕೆ ಹೆಚ್ಚು.

ಮುಂದಿನ ಸಾಲಿನಲ್ಲಿ ಸೋಡಿಯಂ ಇದೆ. ಅದು ಅಡುಗೆ ಉಪ್ಪಿನಲ್ಲೇ ಇರುವ ಧಾತು, ಯಾರ ಗಣಿಯ ಹಂಗೂ ಬೇಡ. ಅದು ಅಲ್ಯೂಮಿನಿಯಂ ಜೊತೆ ಬೆರೆಯದ ಕಾರಣ ದುಬಾರಿ ತಾಮ್ರದ ಹಾಳೆಯೂ ಬೇಡ. ತೂಕ ಹೆಚ್ಚು ಎಂಬುದೇ ದೋಷ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬೇಗ ಚಾರ್ಜ್ ಆಗುವ ಸೋಡಿಯಂ ಸೆಲ್ಲಿನ ಕೆಲಸ ನಡೆದಿದೆ. ದ್ರವದ ಬದಲು ಘನ ಪದಾರ್ಥವನ್ನೇ ಇಡುವ ಸೆಲ್ಲಿನ ಬಗ್ಗೆ ಎಲ್ಲೆಡೆ ದೊಡ್ಡ ಮಾತು ಕೇಳುತ್ತೇವೆ. ಅದು ಪ್ರಯೋಗಶಾಲೆಯಲ್ಲಿ ಗೆದ್ದಿದೆ. ಕಿಲೋಮೀಟರ್‌ಗಟ್ಟಲೆ ಉದ್ದಕ್ಕೆ ಬಿರುಕಿಲ್ಲದೆ ಬಳಿಯಲು ಬಂದ ದಿನ ನಂಬುತ್ತೇನೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಎಂದು 2020ರ ಸುಮಾರಿಗೆ ಸಂಭ್ರಮವಾಗಿತ್ತು. ಅಂದಾಜು 14,100 ಟನ್ ಇದ್ದದ್ದು ಆಮೇಲೆ 1,600 ಟನ್ನಿಗೆ ಇಳಿಯಿತು. ಮಣ್ಣನ್ನು ನಂಬಿ ಕೂರುವುದಕ್ಕಿಂತ ಕೈಕೆಲಸ ಕಲಿಯುವುದು ಮೇಲು.

ಹಾಗಾದರೆ ಎಣ್ಣೆ, ಕಲ್ಲಿದ್ದಲು ಮುಗಿದವೇ? ಇಲ್ಲ. ಖಂಡಾಂತರ ಹಾರುವ ವಿಮಾನ ನೂರು ಟನ್ ಇಂಧನ ತುಂಬಿಕೊಳ್ಳುತ್ತದೆ. ಆ ಕೆಲಸಕ್ಕೆ ಇಂದಿನ ಬ್ಯಾಟರಿ ಇಡಲು ಹೋದರೆ, ಮೋಟಾರಿನ ದಕ್ಷತೆಯ ಲಾಭ ಕಳೆದ ಮೇಲೂ ತೂಕ ಎರಡು ಸಾವಿರ ಟನ್ ದಾಟುತ್ತದೆ. ವಿಮಾನವೇ ಅಷ್ಟು ತೂಗುವುದಿಲ್ಲ. ಇಂಧನವಾದರೆ ಉರಿದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ಅದೇ ಭಾರ. ಸಾಗರ ದಾಟುವ ಹಡಗಿನ ಪಾಡೂ ಅದೇ. ಸ್ಕೂಟರ್, ಆಟೊ, ಕಾರು, ಊರೊಳಗಿನ ಬಸ್ಸು, ಇವು ಬ್ಯಾಟರಿಯ ಪಾಲಿಗೆ ಬಂದೇ ಬರುತ್ತವೆ. ನನಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲ ಇರುವುದು ರಾತ್ರಿಯ ಕರೆಂಟಿನ ಬಗ್ಗೆ. ಪಾವಗಡದ ಸೋಲಾರ್ ಪಾರ್ಕಿನ 2,050 ಮೆಗಾವಾಟ್ ಸಂಜೆ ಆರಕ್ಕೆ ನಿಂತುಹೋಗುತ್ತದೆ. ನಾಡಿನ ದೀಪಗಳು ಹೊತ್ತಿಕೊಳ್ಳುವುದು ಅದೇ ಹೊತ್ತಿಗೆ. ಆಗ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳ ಮೇಲೂ ಭಾರ ಬೀಳುತ್ತದೆ. ನೆಲದ ಮೇಲೆ ಕೂರುವ ಬ್ಯಾಟರಿಗೆ ತೂಕದ ಚಿಂತೆಯಿಲ್ಲ. ಅಗ್ಗವಾಗಿ, ಹತ್ತಾರು ವರ್ಷ ಬಾಳಿದರೆ ಸಾಕು. ಕಬ್ಬಿಣದ ಸೆಲ್ಲಿಗೂ ಸೋಡಿಯಂ ಸೆಲ್ಲಿಗೂ ಹೇಳಿಮಾಡಿಸಿದ ಜಾಗ ಅದು.

ಇನ್ನೊಂದು ವ್ಯತ್ಯಾಸವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು, ಮತ್ತೆ ಪೆಟ್ರೋಲ್ ಆಗುವುದಿಲ್ಲ. ಸಾವಿರ ಸಲ ಚಾರ್ಜ್ ಆದ ಸೆಲ್ಲಿನಲ್ಲಿ ಲಿಥಿಯಂ, ನಿಕ್ಕಲ್, ಕೋಬಾಲ್ಟ್, ತಾಮ್ರ ಎಲ್ಲವೂ ಡಬ್ಬಿಯೊಳಗೇ ಇರುತ್ತವೆ, ಜಾಗ ತಪ್ಪಿ ಕೂತಿರುತ್ತವೆ ಅಷ್ಟೇ. ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ ಅವನ್ನು ಮತ್ತೆ ಬೇರ್ಪಡಿಸಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು. ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಡ್ರಾಯರಿನಲ್ಲಿ ಸತ್ತ ಮೊಬೈಲೋ ಉಬ್ಬಿದ ಪವರ್ ಬ್ಯಾಂಕೋ ಇದ್ದರೆ ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ. ಗಾಡಿಯಲ್ಲಿ ಜಜ್ಜಿದಾಗ ಅದು ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ, ಇಲ್ಲವೇ ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಡಿ.